ಕಾಲಿನೊಳಗಿನ ಕರಿ ಕಾಳು

ನನ್ನ ತಮ್ಮ ಹಾಸಿಗೆ ಹೊಲಿಯುವವನು. ಚೀಲಕ್ಕೆ ಹತ್ತಿ ತುಂಬಿ, ಒಳಗಿಳಿದು, ಬರಿಗಾಲಲ್ಲಿ ಮೂಲೆ ಮೂಲೆ ತುಳಿದು ಕೂರಿಸುವುದು ಅವನ ಪದ್ಧತಿ. ಹತ್ತಿ ಹಡಗಿನಲ್ಲಿ ಬರುತ್ತದೆ, ಯಾವ ದೇಶದ್ದೋ ಏನೋ. ಅದರಲ್ಲಿ ಕಡ್ಡಿ, ಮುಳ್ಳು, ಬೀಜದ ಚೂರು ಎಲ್ಲ ಇರುತ್ತದೆ.

ಅವನ ಬಲ ಅಂಗಾಲಲ್ಲಿ ಒಂದು ಗಂಟು ಎದ್ದಿತು. ನೋವಿಲ್ಲ. ನಾವೆಲ್ಲ ಆಣಿ ಅಂದೆವು. ಆಸ್ಪತ್ರೆಯಲ್ಲಿ ಅವನೂ ಆಣಿ ಅಂತಲೇ ಹೇಳಿದ, ಅವರೂ ಆಣಿಗೆ ಹಚ್ಚುವ ಪಟ್ಟಿ ಕೊಟ್ಟರು. ವರ್ಷಗಳು ಹೋದವು. ಪಾದ ಊದಿ ದಿಂಬಿನ ಹಾಗಾಯಿತು. ಅಲ್ಲಲ್ಲಿ ತೂತು ಬಿದ್ದು, ಕೀವಿನ ಜೊತೆ ಸಾಸಿವೆಗಿಂತ ಸಣ್ಣ ಕರಿ ಕಾಳು ಬರತೊಡಗಿದವು.

"ತುಳಿದ ಹತ್ತಿಯ ಬೀಜ, ಇನ್ನೇನು," ಅಂದು ಅವನ ಹೆಂಡತಿ ಒರೆಸಿ ಹಾಕುವಳು. ಆಸ್ಪತ್ರೆಗೆ ಹೊರಡುವ ದಿನವಂತೂ, ದೊಡ್ಡವರ ಮುಂದೆ ಗಲೀಜು ಕಾಲು ಚಾಚಬಾರದೆಂದು ಬಿಸಿನೀರಲ್ಲಿ ತಿಕ್ಕಿ ತೊಳೆದು, ಹೊಸ ಬಟ್ಟೆ ಸುತ್ತಿ ಕಳಿಸುವಳು. ಹಾಗಾಗಿ ಒಂದು ಕಾಳೂ ಡಾಕ್ಟರ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ, ಪಾದ ತೆಗೆಯಬೇಕಾಗಬಹುದು ಅಂದರು. ಮುಂದಿನ ಸಲ ಹೊರಟಾಗ ನಲ್ಲಿಯಲ್ಲಿ ನೀರಿರಲಿಲ್ಲ. ತೊಳೆಯದ ಕಾಲಲ್ಲೇ ಅವನನ್ನು ನಾನು ಕರೆದುಕೊಂಡು ಹೋದೆ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ ಬಗ್ಗಿ ನೋಡಿದರು. "ಇದೇನು ಕಪ್ಪಗೆ?"

"ಹತ್ತಿ ಬೀಜ ತಾಯಿ. ಇವತ್ತು ತೊಳೆಯೋಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ," ಅಂದ ತಮ್ಮ.

ಅವರು ಒಂದು ಕಾಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದರು. "ಇದು ಬೀಜ ಅಲ್ಲ, ಶಿಲೀಂಧ್ರ. ಬೂಷ್ಟಿನ ಜಾತಿ. ಮುಳ್ಳು ಚುಚ್ಚಿದ ಕಡೆಯಿಂದ ಒಳಗೆ ಹೋಗುತ್ತೆ. ಈ ಊರ ಕಡೆ ಇದು ಬಲು ಅಪರೂಪ. ಯಾವ ದೇಶಕ್ಕೆ ಹೋಗಿದ್ರಿ?"

"ಇವನಾ? ಮಾವನ ಮನೆಗೆ ಹೋಗೋಕೇ ಅಳ್ತಾನೆ. ಇವನು ತುಳಿಯೋ ಹತ್ತಿ ಮಾತ್ರ ಹಡಗಲ್ಲಿ ಬರುತ್ತೆ, ಮುಳ್ಳು ಸಮೇತ," ಅಂದೆ ನಾನು.

ತಮ್ಮನಿಗೆ ನಗು ಬರಲಿಲ್ಲ. "ಕಾಲು ಉಳಿಯುತ್ತಾ ತಾಯಿ?"

"ಮೂಳೆಗೆ ಪೂರ್ತಿ ಇಳಿದಿರದಿದ್ರೆ ಉಳಿಸಬಹುದು. ವರ್ಷಗಟ್ಟಲೆ ಮಾತ್ರೆ ನುಂಗಬೇಕು. ಹತ್ತಿ ತುಳಿಯೋದು ಮಾತ್ರ ಇವತ್ತಿಗೆ ಬಿಟ್ಬಿಡಿ."

ನುಂಗುತ್ತಲೇ ಇದ್ದಾನೆ. ಊಟ ಸೇರುವುದಿಲ್ಲ. ಊತ ಅರ್ಧ ಇಳಿದಿದೆ, ಆದರೆ ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತದೆ. ಹೋದ ವಾರ ಮೂಳೆಯ ಫೋಟೋ ತೆಗೆದು, ಸದ್ಯಕ್ಕೆ ಕತ್ತರಿಸುವುದು ಬೇಡ ಅಂದರು. ನಾವು ಮನೆಗೆ ಬಂದಾಗ ಅವನ ಹೆಂಡತಿ ರಬ್ಬರ್ ಬೂಟು ಹಾಕಿಕೊಂಡು ಹತ್ತಿ ತುಳಿಯುತ್ತಿದ್ದಳು. ಡಾಕ್ಟರು ಅಂದದ್ದನ್ನು ಹೇಳಿದೆ.

"ಸದ್ಯಕ್ಕೆ ಅಂದ್ರೆ ಎಲ್ಲೀವರೆಗೆ ಅಂತ ಕೇಳ್ಬಾರ್ದಿತ್ತಾ?" ಅಂದಳು.

"ಬಾಯಿಗೆ ಬಂದಿತ್ತು ಕಣೇ, ಕೇಳೋಕೆ ಧೈರ್ಯ ಬರ್ಲಿಲ್ಲ," ಅಂದು ತಮ್ಮ ಗೋಡೆಗೆ ಒರಗಿ ಕೂತು, ಕಾಲು ಚಾಚಿಕೊಂಡ.