ನೀಲಾಂಬಿಕ ಚೆನ್ನಾಗಿಲ್ಲ ಅಂದ ಸಿನಿಮಾ

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನೀಲಾಂಬಿಕನ ಹಿಟ್ಟಿನ ಗಿರಣಿ ಬಾಗಿಲು ಹಾಕಿರುತ್ತದೆ. ಶಿಕಾರಿಪುರದ ಆ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು. ಹೊಸಬರು ಯಾರಾದರೂ ಜೋಳದ ಚೀಲ ಹೊತ್ತು ಬಂದು ಬೀಗ ನೋಡಿ ನಿಂತರೆ, ಪಕ್ಕದ ಸೈಕಲ್ ಅಂಗಡಿಯವನು ಕತ್ತೆತ್ತದೆ ಹೇಳುತ್ತಾನೆ: "ಮ್ಯಾಟ್ನಿಗೆ ಹೋಗ್ಯಾರ. ಸಂಜಿಗೆ ಬರ್ರಿ."

ಅವಳು ಹೋಗುವುದು ಒಬ್ಬಳೇ. ಗಂಡ ಪರಮಶಿವಪ್ಪ ಮಂಡಿಯಲ್ಲಿ ಮೆಕ್ಕೆಜೋಳದ ವ್ಯಾಪಾರಿ. ಒಳ್ಳೆಯ ಮನುಷ್ಯ, ಆದರೆ ಕತ್ತಲಲ್ಲಿ ಕೂತರೆ ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾನೆ. ಮದುವೆಯಾದ ಹೊಸದರಲ್ಲಿ ಎರಡು ಸಲ ಕರೆದುಕೊಂಡು ಹೋಗಿದ್ದ. ಮೂರನೆಯ ಸಲ ಅವಳು, "ನೀವು ಮನ್ಯಾಗೆ ಮಲಗಿರಿ, ನಾನು ನೋಡ್ಕೊಂಡು ಬರ್ತೀನಿ" ಅಂದಳು. ಅತ್ತೆ ವೀರಮ್ಮ ಊಟ ಬಿಟ್ಟಳು. ಮುತ್ತೈದೆ ಹೆಂಗಸು ಒಬ್ಬಳೇ ಟಾಕೀಸಿನಲ್ಲಿ ಕೂರುವುದೆಂದರೇನು? ಸೊಸೆ ಅತ್ತೆಯ ತಟ್ಟೆಗೆ ರೊಟ್ಟಿ ಹಾಕಿ, ಮುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಸಂಜೆ ಬಂದಾಗ ತಟ್ಟೆ ಖಾಲಿಯಿತ್ತು. ಅತ್ತೆ ತೀರಿಕೊಳ್ಳುವ ಹೊತ್ತಿಗೆ, "ಈ ವಾರದ್ದು ಹೆಂಗಿತ್ತೇ?" ಎಂದು ಹಾಸಿಗೆಯಿಂದಲೇ ಕೇಳುವಷ್ಟಾಗಿತ್ತು.

ಹೆಂಗಿತ್ತು ಅಂತ ಕೇಳಿದರೆ ನೀಲಾಂಬಿಕ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಈಚೆಗೆ ಊರೆಲ್ಲ ಮುಗಿಬಿದ್ದು ನೋಡಿದ ದೊಡ್ಡ ಸಿನಿಮಾದ ಬಗ್ಗೆ ಅವಳ ಮಾತು ಇಷ್ಟೇ: "ಆ ಹೀರೋ ಜೀಪ್ ಇಳಿದು ಬಾಗ್ಲ ತನಕ ನಡೆಯೋಕೆ ಅರ್ಧ ಪಿಚ್ಚರ್ ಬೇಕು. ನಮ್ಮ ಎತ್ತಿನ ಗಾಡಿ ಇದಕ್ಕಿಂತ ಬೇಗ ಹೋಗ್ತಿತ್ತು." ದೆವ್ವದ ಸಿನಿಮಾ ನೋಡಿ ಬಂದಾಗ, "ದೆವ್ವ ಪಾಪ ಚೆನ್ನಾಗಿ ಮಾಡೇತಿ, ಮನುಷ್ಯರೇ ಕೆಟ್ಟದಾಗಿ ಮಾಡ್ಯಾರ" ಅಂದಳು. ಅಣ್ಣನ ಮಗಳು ಧನ್ಯಾ ಒಮ್ಮೆ ಮೊಬೈಲಿನಲ್ಲಿ ಬೇರೆ ಭಾಷೆಯ ಸಿನಿಮಾ ತೋರಿಸಿದಳು. ಮುದುಕನೊಬ್ಬ ಕಳೆದುಹೋದ ತನ್ನ ಕೊಡೆಯನ್ನು ಹುಡುಕುತ್ತ ಹೋಗುವ ಕತೆ. ಹೊಡೆದಾಟವಿಲ್ಲ, ಹಾಡಿಲ್ಲ. ಇದು ಸೋದರತ್ತೆಗೆ ಬೇಸರವಾಗುತ್ತದೆಂದು ಧನ್ಯಾ ಅಂದುಕೊಂಡಿದ್ದರೆ, ನೀಲಾಂಬಿಕ ಒಲೆಯ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗದೆ ನೋಡಿದಳು. ಆಮೇಲೆ, "ಆ ಕೊಡೆ ಸಿಗಬಾರದಿತ್ತು. ಸಿಕ್ಕ ಮೇಲೆ ಅವನಿಗೆ ಹೊರಗೆ ಹೋಗೋಕೆ ನೆಪ ಏನು ಉಳೀತು?" ಎಂದಳು.

ಹಳೆಯ ಸಿನಿಮಾಗಳ ವಿಷಯದಲ್ಲೂ ಅವಳು ಯಾರ ಮುಲಾಜಿಗೂ ಬಿದ್ದವಳಲ್ಲ. ಹುಡುಗಿಯಾಗಿದ್ದಾಗ ಸೆರಗು ಒದ್ದೆಯಾಗುವಷ್ಟು ಅತ್ತಿದ್ದ ಒಂದು ಕಪ್ಪು ಬಿಳುಪಿನ ಸಿನಿಮಾ ಟಿವಿಯಲ್ಲಿ ಬಂದಾಗ, ಎಲ್ಲ ಏಟನ್ನೂ ನಗುತ್ತ ತಿನ್ನುವ ಆ ಸೊಸೆಯನ್ನು ಕಂಡು ರೇಗಿ ರಿಮೋಟ್ ಎಸೆದಳು. ಒಂದು ಕಾಲಕ್ಕೆ ಹುಚ್ಚಾಟ ಅಂತ ಬೈದಿದ್ದ ಹಾಸ್ಯದ ಸಿನಿಮಾವನ್ನು ಮತ್ತೆ ನೋಡಿ, "ನಾನೇ ತಪ್ಪು ತಿಳಿದಿದ್ದೆ, ಬಹಳ ಚೆಂದ ಐತಿ" ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿದಳು. ಅವಳ ಅಭಿಪ್ರಾಯ ಬದಲಾಗುತ್ತಿತ್ತು. ಬದಲಾಯಿಸು ಅಂತ ಇನ್ನೊಬ್ಬರು ಹೇಳಿದರೆ ಮಾತ್ರ ಆಗುತ್ತಿರಲಿಲ್ಲ.

ಈ ಮಾತುಗಳನ್ನೆಲ್ಲ ಅವಳು ವಾರ ವಾರ ವಾಟ್ಸಾಪಿನಲ್ಲಿ ತಂಗಿ ಲೋಕಮ್ಮನಿಗೆ ಕಳಿಸುತ್ತಿದ್ದಳು. ಟಾಕೀಸಿನಿಂದ ಮನೆಗೆ ನಡೆಯುವ ದಾರಿಯಲ್ಲೇ ಫೋನನ್ನು ಬಾಯಿಗೆ ಹಿಡಿದು ಮಾತಾಡುತ್ತ ಬರುವುದು. ಲೋಕಮ್ಮ ಸೊರಬದಲ್ಲಿ ಅಂಗನವಾಡಿ ಟೀಚರು. ಮಗಳನ್ನು ಒಬ್ಬಳೇ ಸಾಕಿ, ಓದಿಸಿ, ಮದುವೆ ಮಾಡಿದವಳು. ಅವಳ ಗಂಡ ಮಗು ಚಿಕ್ಕದಿರುವಾಗಲೇ ಹಾವೇರಿ ಕಡೆ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಎಷ್ಟೋ ವರ್ಷಗಳ ಮೇಲೆ, ಆರೋಗ್ಯ ಕೆಟ್ಟಾಗ, ಒಂದು ಮುಂಜಾನೆ ಚೀಲ ಹಿಡಿದು ಸೊರಬದ ಮನೆಯ ಮುಂದೆ ಬಂದು ನಿಂತ. ಲೋಕಮ್ಮ ಕಿಟಕಿಯಿಂದ ನೋಡಿದಳು. ಬಾಗಿಲು ತೆಗೆಯಲಿಲ್ಲ. ಕುಡಿಯುವ ನೀರನ್ನು ಕಿಟಕಿಯಿಂದ ಕೊಟ್ಟಳು, ಅಷ್ಟೆ. ಇದು ಎರಡೂ ಊರಿನ ನೆಂಟರಿಗೆ ಗೊತ್ತಿದ್ದ ವಿಷಯ. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಇಷ್ಟರಲ್ಲಿ ನಮ್ಮೂರಿನದೇ ಒಂದು ಸಿನಿಮಾ ಬಂತು. ಗೊಬ್ಬರ, ಪೈಪಿನ ದೊಡ್ಡ ಅಂಗಡಿಯ ರೇಣುಕಾಪ್ರಸಾದ್ ನಿರ್ಮಾಪಕರು. ನಿರ್ದೇಶಕ ನವೀನ್ ಇಲ್ಲಿಯೇ ಕಾಲೇಜು ಓದಿದ ಹುಡುಗ. ಬಳ್ಳಿಗಾವಿಯ ಗುಡಿಯ ಅಂಗಳದಲ್ಲಿ, ತೊಗರ್ಸಿಯ ಹೊಲಗಳಲ್ಲಿ ಚಿತ್ರೀಕರಣವಾಗಿತ್ತು. ಅರ್ಧ ಊರಿನ ಮುಖಗಳು ತೆರೆಯ ಮೇಲಿದ್ದವು. ಬಿಡುಗಡೆಯ ದಿನ ಟಾಕೀಸಿನ ಮುಂದೆ ಡೊಳ್ಳು ಬಾರಿಸಿದರು.

ನೀಲಾಂಬಿಕ ಎಂದಿನ ಹಾಗೆ ಮ್ಯಾಟ್ನಿಗೆ ಹೋದಳು. ಗಂಡ ಬಿಟ್ಟುಹೋದ ಹೆಣ್ಣೊಬ್ಬಳು ಒಂದು ಎಮ್ಮೆ ಕಟ್ಟಿಕೊಂಡು ಮಗಳನ್ನು ಸಾಕುವ ಕತೆ. ಮೊದಲರ್ಧ ಮುಗಿಯುವ ಹೊತ್ತಿಗೆ ಅವಳ ಕಣ್ಣು ತೇವವಾಗಿತ್ತು. ಕೊನೆಯಲ್ಲಿ ಆ ಗಂಡ ರೋಗಿಯಾಗಿ ವಾಪಸು ಬರುತ್ತಾನೆ. ಹೆಂಡತಿ ಓಡಿಹೋಗಿ ಚೊಂಬಿನ ನೀರು ತಂದು ಅವನ ಕಾಲು ತೊಳೆಯುತ್ತಾಳೆ. ಆ ನೀರನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಕರೆದುಕೊಳ್ಳುತ್ತಾಳೆ. ಟಾಕೀಸು ತುಂಬ ಚಪ್ಪಾಳೆ, ಸಿಳ್ಳೆ. ನೀಲಾಂಬಿಕ ಹಾಡು ಮುಗಿಯುವ ಮೊದಲೇ ಎದ್ದು ಹೊರಗೆ ಬಂದಳು.

ದಾರಿಯಲ್ಲಿ ಫೋನಿಗೆ ಹೇಳಿದಳು: "ಲೋಕಿ, ನೋಡಿದೆ. ಬಳ್ಳಿಗಾವಿ ಗುಡಿ ಕಂಬ ಬಹಳ ಚೆಂದ ತೆಗೆದಾರ. ಆ ಹೆಣ್ಮಗಳು ಎಮ್ಮೆ ಜೊತೆ ಕಷ್ಟ ಹೇಳ್ಕೊಳ್ಳೋದು ನೋಡಿ ಅಳು ಬಂತು. ಆದ್ರೆ ಕೊನೆ ಸುಳ್ಳು. ಅವನು ಬಂದು 'ತಪ್ಪಾತು' ಅಂತ ಒಂದು ಮಾತು ಅನ್ನಲಿಲ್ಲ, ಇವಳು ಕಾಲು ತೊಳೀತಾಳೆ. ಇಡೀ ಪಿಚ್ಚರ್ ಎದೆ ಕೊಟ್ಟು ನಿಂತ ಹೆಂಗಸನ್ನ ಕೊನೆಗೆ ನೆಲಕ್ಕೆ ಕೂರಿಸಿಬಿಟ್ರು. ಜನ ಚಪ್ಪಾಳೆ ಹೊಡೀತಾರೆ. ನೀನು ಬಾಗ್ಲು ತೆಗೀಲಿಲ್ಲ ನೋಡು, ಅದು ಸಿನಿಮಾ. ಅದನ್ನ ತೆಗೆಯೋಕೆ ಇವರಿಗೆ ಧೈರ್ಯ ಇಲ್ಲ."

ಲೋಕಮ್ಮ ಆ ಮಾತನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ, ಏನನ್ನಿಸಿತೋ, ಅಂಗನವಾಡಿ ಟೀಚರುಗಳ ಗುಂಪಿಗೆ ಕಳಿಸಿಬಿಟ್ಟಳು. ಸೊರಬದಿಂದ ಅದು ಆನವಟ್ಟಿಗೆ ಹೋಯಿತು, ಅಲ್ಲಿಂದ ಶಿಕಾರಿಪುರಕ್ಕೆ ವಾಪಸು ಬಂತು. ಭಾನುವಾರದ ಹೊತ್ತಿಗೆ ರೇಣುಕಾಪ್ರಸಾದರ ಫೋನಿನಲ್ಲಿತ್ತು.

ಸೋಮವಾರ ಪರಮಶಿವಪ್ಪ ಮಂಡಿಯಿಂದ ಬೇಗ ಬಂದ. ಟೋಪಿ ತೆಗೆದು ಗೂಟಕ್ಕೆ ಹಾಕಿ, ಕುರ್ಚಿಯ ತುದಿಯಲ್ಲಿ ಕೂತ.

"ರೇಣುಕಾಪ್ರಸಾದ್ರು ಎಲ್ಲರ ಎದುರಿಗೆ ಕೇಳಿದ್ರು. ನಿಮ್ಮನೆಯವರಿಗೆ ನಮ್ಮ ಮ್ಯಾಲೆ ಏನು ಸಿಟ್ಟು ಅಂತ."

"ಅವರ ಮ್ಯಾಲೆ ಸಿಟ್ಟಿಲ್ಲ. ಸಿನಿಮಾದ ಕೊನೆ ಮ್ಯಾಲೆ ಐತಿ."

"ಮುಂದಿನ ಭಾನುವಾರ ಸಮುದಾಯ ಭವನದಾಗೆ ಸಿನಿಮಾದವರಿಗೆ ಸನ್ಮಾನ ಇಟ್ಕೊಂಡಾರ. ಹೆಂಗಸರ ಪರವಾಗಿ ನೀನು ಎರಡು ಮಾತು ಆಡಬೇಕಂತೆ. ಚೆನ್ನಾಗೈತಿ ಅಂದುಬಿಡು. ನಿನ್ನ ಗಂಟೇನು ಹೋಗ್ತೈತಿ?"

"ಗಂಟು ಹೋಗಲ್ಲ. ನಾಲಿಗಿ ಹೋಗ್ತೈತಿ."

ಪರಮಶಿವಪ್ಪ, "ಹಂಗಾದ್ರೆ ಬರಲ್ಲ ಅಂತ ಹೇಳ್ಲಾ?" ಎಂದ.

"ಯಾಕೆ? ಕರೆದಾರಲ್ಲ, ಬರ್ತೀನಿ."

ಆ ವಾರ ಗಿರಣಿಗೆ ಬರುವವರು ಕಡಿಮೆಯಾದರು. ರೇಣುಕಾಪ್ರಸಾದರ ಮನೆಯ ಗೋಧಿ ಬೇರೆ ಗಿರಣಿಗೆ ಹೋಯಿತು. ದಿನಾ ಬಂದು ಹರಟೆ ಹೊಡೆಯುತ್ತಿದ್ದ ಇಬ್ಬರು ಹೆಂಗಸರು ಬೀದಿಯ ಆಚೆ ಬದಿಯಿಂದಲೇ ಹಾದುಹೋದರು. ಆದರೆ ಗುಡ್ಡಮ್ಮ ಎಂಬ ಹೆಂಗಸು, ಮಾತು ಕಡಿಮೆಯವಳು, ರಾಗಿ ಬೀಸಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ನಾನೂ ನೋಡಿದೆ ಕಣ್ರೀ. ನಂಗೂ ಹಂಗೇ ಅನಿಸ್ತು. ಯಾರಿಗೂ ಹೇಳ್ಬೇಡಿ" ಎಂದಳು.

"ನೀವೇ ಹೇಳ್ರಿ" ಎಂದಳು ನೀಲಾಂಬಿಕ. ಗುಡ್ಡಮ್ಮ ನಕ್ಕು ಹೋದಳು.

ಭಾನುವಾರ ಬೆಳಗ್ಗೆ ನೀಲಾಂಬಿಕ ಇಳಕಲ್ ಸೀರೆಯುಟ್ಟು ಸಮುದಾಯ ಭವನಕ್ಕೆ ಹೋದಳು. ವೇದಿಕೆಯ ಮೇಲೆ ರೇಣುಕಾಪ್ರಸಾದರು, ನವೀನ್, ಊರಿನ ಹಿರಿಯರು. ಶಾಲು, ಹಾರ, ಹಣ್ಣಿನ ಬುಟ್ಟಿ. ಮಾತಾಡಿದವರೆಲ್ಲ ಹೆಣ್ಣಿನ ತಾಳ್ಮೆಯನ್ನು ಹೊಗಳಿದರು. ಆಮೇಲೆ ನಿರೂಪಣೆ ಮಾಡುತ್ತಿದ್ದವರು ನಗುನಗುತ್ತ ಅವಳ ಹೆಸರು ಕರೆದರು.

ನೀಲಾಂಬಿಕ ಮೈಕಿನ ಮುಂದೆ ನಿಂತು ಸೆರಗು ಸರಿಪಡಿಸಿಕೊಂಡಳು. "ನಮ್ಮೂರಿನ ಹುಡುಗ ಸಿನಿಮಾ ಮಾಡ್ಯಾನೆ. ಸಂತೋಷ. ಎಮ್ಮೆ ಸೀನು ನಾನು ಸಾಯೋ ತನಕ ಮರೆಯಲ್ಲ. ಕೊನೆ ನನಗೆ ಹಿಡಿಸಲಿಲ್ಲ. ಹಿಡಿಸ್ತು ಅಂತ ಹೇಳ್ಸೋಕೆ ಕರೆದಿದ್ರೆ ತಾವು ಬೇರೆಯವರನ್ನ ಕರೀಬೇಕಿತ್ತು."

ಮುಂದಿನ ಸಾಲಿನಿಂದ ಸಿದ್ಧಲಿಂಗೇಶ್ ಎಂಬ ಹಿರಿಯರು ಎದ್ದು ನಿಂತರು. "ನಮ್ಮೂರ ಸಿನಿಮಾಕ್ಕೆ ನಾವೇ ಹಿಂಗಂದ್ರೆ ಹೆಂಗವ್ವಾ?"

"ನಮ್ಮೂರಿಂದು ಅಂತಲೇ ಹೇಳ್ತಿರೋದ್ರೀ. ಬೇರೆ ಊರಿಂದಾಗಿದ್ರೆ ಮನಿಗೆ ಹೋಗಿ ಅಡಿಗಿ ಮಾಡ್ತಿದ್ದೆ."

ಯಾರೋ ಸನ್ನೆ ಮಾಡಿದರು. ಮೈಕು ಗಕ್ಕನೆ ನಿಂತಿತು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲಿಗೆ ಅದರಿಂದ ಏನೂ ಆಗಲಿಲ್ಲ. "ತಾಳ್ಮೆ ತಾಳ್ಮೆ ಅಂತ ಎಲ್ಲರೂ ಅಂದ್ರಿ. ಕಾಯೋದು ತಾಳ್ಮೆ. ಬಿಟ್ಟು ಹೋದವನ ಕಾಲು ತೊಳೆಯೋದಕ್ಕೆ ಬೇರೆ ಹೆಸರು ಇಡ್ರಿ" ಎಂದು ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿ, ವೇದಿಕೆ ಇಳಿದು, ಗಂಡನ ಪಕ್ಕದ ಕುರ್ಚಿಯಲ್ಲಿ ಕೂತಳು. ಎದ್ದು ಹೋಗಲಿಲ್ಲ. ಕಾರ್ಯಕ್ರಮ ಮುಗಿಯುವ ತನಕ ಕೂತು, ಊಟದ ಸಾಲಿನಲ್ಲೂ ನಿಂತಳು. ಪರಮಶಿವಪ್ಪನ ಕಿವಿ ಕೆಂಪಾಗಿತ್ತು. ಆದರೂ ಅವನು ಹೆಂಡತಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ.

ಎರಡು ದಿನ ಬಿಟ್ಟು ನವೀನ್ ಗಿರಣಿಗೆ ಬಂದ. ನೀಲಾಂಬಿಕ ಮೋಟಾರು ನಿಲ್ಲಿಸಿ, ಹಿಟ್ಟಿನ ಕೈ ಒರೆಸಿಕೊಂಡು ಸ್ಟೂಲು ಕೊಟ್ಟಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆ ಕೊನೆ ಪ್ರೊಡ್ಯೂಸರ್ ಹೇಳಿ ಹಾಕ್ಸಿದ್ದು ಅಂತ ಕೆಲವರು ಹೇಳ್ಕೊಂಡು ತಿರುಗ್ತಿದಾರೆ. ಅಲ್ಲ. ನಾನೇ ಬರೆದದ್ದು. ನಂಗೆ ಅದು ಇಷ್ಟ. ಅವಳು ಸೋತಿಲ್ಲ, ಅವಳು ದೊಡ್ಡವಳಾದಳು ಅಂತ ನಾನು ತಿಳ್ಕೊಂಡೀನಿ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಇದನ್ನ ಹೇಳೋಕೆ ಬಂದ್ಯಾ?"

"ಹೌದ್ರಿ."

"ಹಂಗಾದ್ರೆ ನೀನು ಅದನ್ನ ಬಿಡಬ್ಯಾಡ. ನಾನೂ ನಂದು ಬಿಡಲ್ಲ. ಚಾ ಕುಡೀತೀಯಾ?"

ನವೀನ್ ಚಹಾ ಕುಡಿದು, ಎಮ್ಮೆಯ ದೃಶ್ಯದ ಬಗ್ಗೆ ಬಹಳ ಹೊತ್ತು ಮಾತಾಡಿ ಹೋದ.

ಶುಕ್ರವಾರ ಲೋಕಮ್ಮ ತಾನೇ ಬಂದಳು. ಟಾಕೀಸಿಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು. "ಎಲ್ಲ ನನ್ನ ಬಾಗ್ಲ ಬಗ್ಗೆ ಮಾತಾಡ್ತಾರೆ. ನಾನೇ ನೋಡದೆ ಇದ್ರೆ ಹೇಗೆ?" ಎಂದಳು. ಅಕ್ಕ ತಂಗಿ ಬಾಲ್ಕನಿಯಲ್ಲಿ ಕೂತರು. ಕಾಲು ತೊಳೆಯುವ ದೃಶ್ಯ ಬಂದಾಗ ನೀಲಾಂಬಿಕ ಓರೆಗಣ್ಣಿನಲ್ಲಿ ತಂಗಿಯನ್ನು ನೋಡಿದಳು. ಲೋಕಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದುಬಂದರು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಲೋಕಮ್ಮ, "ನಂಗೆ ಹಿಡಿಸ್ತು ಅಕ್ಕ" ಎಂದಳು.

"ಏನು?"

"ಕೊನೆ. ನಂಗೆ ಹಿಡಿಸ್ತು."

"ನೀನು ಬಾಗ್ಲು ತೆಗೀದೇ ಇದ್ದವಳು."

"ನಾನು ತೆಗೀಲಿಲ್ಲ. ನಂಗೆ ಅದೇ ಸರಿ. ಈಗ ಬಂದ್ರೂ ತೆಗೆಯಲ್ಲ. ಅವಳು ತೆಗೆದ್ಲು. ಅವಳಿಗೆ ಬೇಕಿತ್ತು, ತೆಗೆದ್ಲು. ಒಳಗೆ ಅವಳಿಗೆ ಎಷ್ಟು ಆಸೆ ಇತ್ತು ಅಂತ ಆ ಪಾರ್ಟು ಮಾಡಿದ ಹುಡುಗಿ ಮುಖದಲ್ಲೇ ಕಾಣ್ತಿತ್ತಲ್ಲ, ನೋಡ್ಲಿಲ್ವ ನೀನು?"

"ಆಸೆ ಇದ್ರೆ ಒಳಗೆ ಕರ್ಕೊಳ್ಳಲಿ. ಕಾಲು ಯಾಕೆ ತೊಳೀಬೇಕು?"

"ಧೂಳಿತ್ತು ಮಾರಾಯ್ತಿ."

ನೀಲಾಂಬಿಕನಿಗೆ ನಗು ಬಂತು. ಅದನ್ನು ನುಂಗಿಕೊಂಡಳು. "ನಿನ್ನ ಪರವಾಗಿ ಊರ ಮುಂದೆ ನಿಂತೆ ನಾನು."

"ನನ್ನ ಪರವಾಗಿ ನಿಲ್ಲು ಅಂತ ನಾನು ಹೇಳಿದ್ನಾ? ನಿನ್ನ ಮಾತು ನೀನು ಆಡ್ದೆ. ಒಳ್ಳೇದು ಮಾಡ್ದೆ, ಅದಕ್ಕೇ ಎಲ್ಲರಿಗೂ ಕಳಿಸ್ದೆ. ಹಾಗಂತ ನಾನು ಅಳೋದಕ್ಕೂ ನಿನ್ನ ಕೇಳ್ಬೇಕಾ?"

ಅಷ್ಟರಲ್ಲಿ ಸೊರಬದ ಬಸ್ಸು ಬಂತು. ಲೋಕಮ್ಮ ಹತ್ತಿ ಕಿಟಕಿಯ ಪಕ್ಕ ಕೂತಳು. ನೀಲಾಂಬಿಕ ಕೆಳಗೆ ನಿಂತು ಸರಳು ಹಿಡಿದುಕೊಂಡಳು.

"ಅವನು ತಪ್ಪಾತು ಅನ್ನಬೇಕಿತ್ತು. ಅಷ್ಟಾದ್ರೂ ಒಪ್ಕೋ."

"ಅಂದಿದ್ರೆ ಏನಾಗ್ತಿತ್ತು? ತಪ್ಪಾತು ಅಂದವರನ್ನೂ ನೋಡಿದೀನಿ."

"ಲೋಕಿ, ಕೇಳಿಲ್ಲಿ—"

ಡ್ರೈವರು ಗೇರು ಹಾಕಿದ. ನೀಲಾಂಬಿಕ ಸರಳು ಬಿಡದೆ ಜೊತೆಗೇ ನಾಲ್ಕು ಹೆಜ್ಜೆ ಹಾಕಿದಳು. ಕಂಡಕ್ಟರು ಬಾಗಿಲಿಂದ ಬಗ್ಗಿ, "ಬರೋದಿದ್ರೆ ಹತ್ತ್ರಿ ಅಮ್ಮಾ, ಇಲ್ಲಾಂದ್ರೆ ಬಿಡ್ರಿ" ಎಂದ.

ಅವಳು ಹತ್ತಿದಳು. ತಂಗಿಯನ್ನು ಆಚೆ ಸರಿಸಿ ಕೂತು, ಗಂಡನಿಗೆ ಫೋನು ಮಾಡಿದಳು.

"ನಾನು ಸೊರಬಕ್ಕೆ ಹೊಂಟೀನಿ. ನಾಳೆ ಬರ್ತೀನಿ."

"ಯಾಕೆ, ಏನಾತು?" ಪರಮಶಿವಪ್ಪ ಗಾಬರಿಯಾದ.

"ಏನೂ ಆಗಿಲ್ಲ. ಮಾತು ಮುಗಿದಿಲ್ಲ" ಎಂದು ಫೋನಿಟ್ಟು, ಅವಳು ತಂಗಿಯ ಕಡೆ ತಿರುಗಿದಳು.