ನಡುದಾರಿಯಲ್ಲಿ ಇಳಿಸಿದ ಟ್ರಂಕು

ಆದೋನಿ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದಾಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಗಾಡಿ, ಕುದುರೆ ಎರಡೂ ಒಬ್ಬ ಮುದಿ ಮುಸಲ್ಮಾನ ಸಾಹೇಬರವು. ಕುದುರೆ ಪಳಗಿಸುವುದನ್ನು ನನಗೆ ಕಲಿಸಿದವರೂ ಅವರೇ. ಮರಿಗೆ ಮೊದಲು ಕೈಯ ವಾಸನೆ ಗೊತ್ತಾಗಬೇಕು, ಆಮೇಲೆ ದನಿ, ಲಗಾಮು ಕಡೆಗೆ ಎನ್ನುತ್ತಿದ್ದರು. ಅಲ್ಲಿಯವರೆಗೆ ನಾನು ಅವರ ಲಾಯದಲ್ಲಿ ಪಳಗಿಸಿದ್ದ ಕುದುರೆಗಳಲ್ಲಿ ಕೊನೆಯದು ಕಂದು ಬಣ್ಣದ ಒಂದು ಹೆಣ್ಣುಕುದುರೆ. ಕಚ್ಚುತ್ತದೆ, ಒದೆಯುತ್ತದೆ ಎಂದು ಮಾರಿದವನೇ ಹೇಳಿಹೋಗಿದ್ದ. ಆರು ತಿಂಗಳಲ್ಲಿ ಅದು ನನ್ನ ದನಿಗೇ ತಿರುಗುತ್ತಿತ್ತು. ಚಾಬೂಕು ಗಾಡಿಯ ಪಕ್ಕಕ್ಕೆ ಸಿಕ್ಕಿಸಿದ್ದು ಸಿಕ್ಕಿಸಿದಂತೆಯೇ ಇರುತ್ತಿತ್ತು.

ನಾನು ಮಾದಿಗರವನು. ಅದು ಸಾಹೇಬರಿಗೆ ಗೊತ್ತಿತ್ತು. "ಯಾರಾರ ಕೇಳಿದ್ರ ನಮ್ಮ ಲಾಯದಾವ ಅನ್ನು. ಅದಕ್ಕಿಂತ ಹೆಚ್ಚು ಬಾಯಿ ಬಿಡಬ್ಯಾಡ" ಎಂದಿದ್ದರು. ತಲೆಗೆ ಸುತ್ತಿದ ಬಟ್ಟೆ, ಬಾಯಲ್ಲಿ ನಾಲ್ಕು ಉರ್ದು ಮಾತು. ಸ್ಟೇಷನ್ನಿನವರೆಲ್ಲ ನನ್ನನ್ನು ಸಾಬರವನೆಂದೇ ತಿಳಿದಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ನಮ್ಮೂರ ಗೌಡರು ಹೆಂಡತಿಯ ಜೊತೆ ರೈಲಿನಿಂದ ಇಳಿದರು. ಉಳಿದ ಜಟಕಾಗಳೆಲ್ಲ ಹೋಗಿಬಿಟ್ಟಿದ್ದವು. ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟ ನನ್ನ ಗುರುತು ಅವರಿಗೆ ಹತ್ತಲಿಲ್ಲ. ನನಗೆ ಅವರ ಗುರುತು ತಕ್ಷಣ ಸಿಕ್ಕಿತು. ಬರುವುದಿಲ್ಲ ಎನ್ನಬಹುದಿತ್ತು, ಅನ್ನಲಿಲ್ಲ. ಅವರ ಟ್ರಂಕು ಎತ್ತಿ ಗಾಡಿಯಲ್ಲಿಟ್ಟು ಪೆದ್ದಹರಿವಾಣಂ ಹಾದಿ ಹಿಡಿದೆ. ನಮ್ಮೂರು ಆ ಹಾದಿಯಿಂದ ಸ್ವಲ್ಪ ಒಳಗೆ.

"ಕುದುರಿ ಚಲೋ ಐತಲ್ಲೋ ಸಾಬಣ್ಣ. ಯಾರು ಪಳಗಿಸಿದ್ರು?" ಎಂದು ಗೌಡರು ಕೇಳಿದರು.

"ನಾನಾ ರೀ."

"ಭಲೆ!" ಎಂದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು.

ಅರ್ಧ ದಾರಿಯಲ್ಲಿ ಒಂದು ಬಾವಿಯ ಹತ್ತಿರ ಕುದುರೆಗೆ ನೀರು ಕುಡಿಸಲು ನಿಲ್ಲಿಸಿದೆ. ಗೌಡರೂ ಕೆಳಗಿಳಿದು ಕುದುರೆಯ ಕತ್ತು ಸವರಿದರು. ಸವರುತ್ತಿದ್ದ ಕೈ ತೊಗಲಿನ ಪಟ್ಟಿಯ ಮೇಲೆ ನಿಂತಿತು. ಆ ಪಟ್ಟಿ ನನ್ನ ಅಪ್ಪ ಊರಿನಿಂದ ಹೊಲಿದು ಕಳಿಸಿದ್ದು. ಮೂರು ಹೊಲಿಗೆಗೊಂದು ಗಂಟು ಹಾಕುವುದು ಅವನೊಬ್ಬನ ರೂಢಿ. ಗೌಡರ ಕಾಲಲ್ಲಿದ್ದ ಮೆಟ್ಟುಗಳಲ್ಲೂ ಅದೇ ಗಂಟುಗಳಿದ್ದವು.

"ಇದು ನಮ್ಮೂರಾವನ ಕೈ" ಎಂದರು. ನನ್ನ ಮುಖವನ್ನು ಕಣ್ಣು ಸಣ್ಣ ಮಾಡಿ ನೋಡಿದರು. "ನೀ ಅವನ ಮಗ ಏನಲೇ?"

"ಹೌದ್ರಿ."

ಅವರ ಹೆಂಡತಿ ಗಾಡಿಯಿಂದಿಳಿದು ದೂರ ನಿಂತರು. ಗೌಡರು ಬಿಸಿಲು ನೋಡಿದರು, ಮುಂದಿನ ಹಾದಿ ನೋಡಿದರು. ಬಯಲಿನಲ್ಲಿ ಒಂದು ಎತ್ತಿನ ಬಂಡಿಯೂ ಕಾಣುತ್ತಿರಲಿಲ್ಲ. ನಡೆಯಲು ಅವರಿಗೆ ಮನಸ್ಸಿರಲಿಲ್ಲ.

"ನಮ್ಮ ಮುಂದ ನೀ ಮ್ಯಾಲ ಕುಂದ್ರಂಗಿಲ್ಲ. ಲಗಾಮು ಹಿಡ್ಕೊಂಡು ಕೆಳಗ ನಡಿ. ಊರು ಬಂತಂದ್ರ ಕಾಲಾಗಿನವು ತಗದು ಕೈಯಾಗ ಹಿಡಿ. ನಡೀಲೇ!"

ಒಂದು ಮೈಲಿಯಷ್ಟು ನಡೆದೆ. ಹಿಂದಿನಿಂದ ಬರಬೇಕಾದ ನನ್ನ ದನಿ ಮುಂದಿನಿಂದ ಬರುತ್ತಿದ್ದುದಕ್ಕೆ ಕುದುರೆ ಗಲಿಬಿಲಿಗೊಂಡು, ಹೆಜ್ಜೆಹೆಜ್ಜೆಗೂ ನಿಂತು ನನ್ನ ಹೆಗಲಿಗೆ ಮೂತಿ ತಿಕ್ಕುತ್ತಿತ್ತು. ಗೌಡರಿಗೆ ತಾಳ್ಮೆ ಕೆಟ್ಟಿತು. ಚಾಬೂಕು ಕಿತ್ತುಕೊಂಡು ಅದರ ಬೆನ್ನಿಗೆ ಎರಡೇಟು ಬಿಗಿದರು. ಕುದುರೆ ಮುಂಗಾಲೆತ್ತಿ ನಿಂತಿತು. ಲಗಾಮಿಗೆ ಜೋತುಬಿದ್ದು ಹೇಗೋ ಅದನ್ನು ಕೆಳಗಿಳಿಸಿದೆ.

"ಇಳೀರಿ" ಎಂದೆ.

"ಏನಂದಿ?"

"ಇಳೀರಿ ಅಂದೆ."

ಮೂರನೆಯ ಏಟು ನನ್ನ ಕತ್ತಿಗೆ ಬಿತ್ತು. ನಾನು ಲಗಾಮು ಬಿಡಲಿಲ್ಲ. "ಇನ್ನೊಂದು ಹೊಡೀರಿ, ಇದನ್ನ ಬಿಟ್ಟುಬಿಡ್ತೀನಿ. ಎಲ್ಲಿಗೆ ಒಯ್ದು ಕೆಡವತೈತಿ ನನಗೂ ಗೊತ್ತಿಲ್ಲ" ಎಂದೆ.

ಇಬ್ಬರೂ ಇಳಿದರು. ಟ್ರಂಕನ್ನು ಹಾದಿಯ ಬದಿಗಿಟ್ಟು, ಗಾಡಿ ತಿರುಗಿಸಿ, ಮೇಲೆ ಹತ್ತಿ ಕೂತೆ. ಗೆದ್ದ ಹಿಗ್ಗೇನೂ ಇರಲಿಲ್ಲ. ಅಪ್ಪ ಅವ್ವ ಇನ್ನೂ ಆ ಊರಲ್ಲೇ ಇದ್ದಾರೆಂಬುದು ನೆನಪಾದದ್ದು ಆದೋನಿಯ ಹತ್ತಿ ಜಿನ್ನಿನ ಚಿಮಣಿಗಳು ಕಂಡ ಮೇಲೆ.

ನಾಲ್ಕನೆಯ ದಿನ ಅಪ್ಪ ಅವ್ವ ಇಬ್ಬರೂ ಲಾಯದ ಬಾಗಿಲಿಗೆ ಬಂದು ನಿಂತರು. ಅವ್ವನ ತಲೆಯ ಮೇಲೆ ಗಂಟು, ಅಪ್ಪನ ಕಂಕುಳಲ್ಲಿ ಉಳಿ, ತೊಗಲು ಕೊಯ್ಯುವ ರಂಪಿಗೆಗಳ ಚೀಲ. ಆದದ್ದನ್ನು ಅವ್ವ ಹೇಳಿದಳು. ಗೌಡರು ಅಪ್ಪನನ್ನು ಚಾವಡಿಗೆ ಕರೆಸಿ, ಅವನು ಹೊಲಿದ ಮೆಟ್ಟುಗಳನ್ನು ಅವನ ತಲೆಯ ಮೇಲಿಟ್ಟು, ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದ್ದರು. ಆಮೇಲೆ ಊರಲ್ಲಿ ಇರಬೇಡ ಎಂದರು.

"ಕೂಡು ಅಪ್ಪಾ" ಎಂದೆ.

ಅವನು ಕೂಡಲಿಲ್ಲ. "ನಿನ್ನ ಸಿಟ್ಟು ನೀ ತೀರಿಸ್ಕೊಂಡಿ. ನನ್ನ ಸಿಟ್ಟು ನಾ ಯಾರ ಮ್ಯಾಲ ತೀರಿಸ್ಕೊಳ್ಳಲೋ?" ಎಂದ.

ನನ್ನ ಜಾತಿಯ ಸುದ್ದಿ ಸ್ಟೇಷನ್ನಿಗೂ ಬಂತು. ಉಳಿದ ಜಟಕಾದವರು ಕುದುರೆಗಳು ನೀರು ಕುಡಿಯುವ ಕಲ್ಲುಬಾನಿಗೆ ನನ್ನ ಕುದುರೆಯನ್ನು ಬಿಡಲಿಲ್ಲ. ನಿನ್ನೆಯವರೆಗೆ ನನ್ನ ಬೀಡಿಯಿಂದ ಬೆಂಕಿ ಹಚ್ಚಿಕೊಳ್ಳುತ್ತಿದ್ದವನೇ, "ಸುಳ್ಳು ಹೇಳಿ ನಮ್ಮ ನಡುವ ಕುಂತಿದ್ದೆಲ್ಲೋ" ಎಂದು ಮುಖಕ್ಕೆ ಉಗುಳಿದ. ಸಾಹೇಬರು ಒಂದು ವಾರ ನನ್ನ ಪರ ಜಗಳಾಡಿದರು. ಜನ ಗಾಡಿ ಹತ್ತುವುದನ್ನೇ ಬಿಟ್ಟಾಗ ಸೋತರು. "ಲಾಯದಾಗ ಇರಪ್ಪಾ. ಮರಿಗಳನ್ನ ಪಳಗಿಸು. ಸ್ಟೇಷನ್ನಿಗೆ ಬ್ಯಾರೆಯವ್ರು ಹೋಗ್ತಾರ" ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕಂದು ಕುದುರೆ ಇನ್ನೊಬ್ಬನ ಕೈಗೆ ಹೋಯಿತು. ಅವನು ಚಾಬೂಕು ಬಿಟ್ಟು ಬೇರೆ ಭಾಷೆ ಬಲ್ಲವನಲ್ಲ. ಅದು ಅವನನ್ನು ಒದ್ದು ಕೆಡವಲಿ ಎಂದು ದಿನವೂ ಬಯಸುತ್ತಿದ್ದೆ. ಕೆಡವಲಿಲ್ಲ. ಮೂರು ತಿಂಗಳಿಗೆ ಅದೂ ಹೊಂದಿಕೊಂಡಿತು.

ಲಾಯದ ಹಿಂದಿನ ಓಣಿಯಲ್ಲಿ ಅಪ್ಪ ಕೆಲಸಕ್ಕೆ ಕೂತ. ಒಂದೇ ಗುಡಿಸಲಲ್ಲಿದ್ದೆವು, ಅವ್ವ ಬಡಿಸಿದ್ದನ್ನು ಎದುರುಬದುರು ಕೂತು ಉಣ್ಣುತ್ತಿದ್ದೆವು. ಎರಡು ವರ್ಷ ಅವನು ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ್ದು ಅವ್ವ ಜ್ವರ ಬಂದು ಸತ್ತ ದಿನ. "ಕುಣಿ ಆಳ ತೆಗಿ" ಎಂದ, ಅಷ್ಟೇ. ನಾನು ಗುದ್ದಲಿ ತೆಗೆದುಕೊಂಡು ಹೋದೆ.