ಫ್ರಿಜ್ಜಿನಲ್ಲಿ ಬೀಗದ ಕೈ

ಇವತ್ತು ಬೆಳಿಗ್ಗೆ ಮನೆಯ ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಕೊತ್ತಂಬರಿ ಕಟ್ಟಿನ ಪಕ್ಕ ತಣ್ಣಗೆ, ನೆಮ್ಮದಿಯಾಗಿ ಮಲಗಿತ್ತು. ನಾನು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಕ್ಕೆ. ಇದರಲ್ಲಿ ನಗುವಂಥದ್ದೇನಿದೆ ಎಂದು ನೀವು ಕೇಳಬಹುದು. ಕೊಲ್ಕತ್ತಾದಲ್ಲಿದ್ದಾಗ ಹೀಗಾಗಿದ್ದರೆ ನಾನೂ ಅಲ್ಲೇ ಕುಸಿದು ಕೂರುತ್ತಿದ್ದೆ.

ಆಗ ಸಾಲ್ಟ್ ಲೇಕ್ ಕಡೆ ನೋಡನೋಡುತ್ತಿದ್ದಂತೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ನನಗೂ ಒಂದು ಕಂಪ್ಯೂಟರು, ಕುತ್ತಿಗೆಗೊಂದು ಗುರುತಿನ ಚೀಟಿ. ವಯಸ್ಸು ಮೂವತ್ತು ದಾಟಿರಲಿಲ್ಲ, ಆದರೆ ತಲೆ ಕೆಟ್ಟುಹೋಗಿದೆ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಮೀಟಿಂಗಿನಲ್ಲಿ ಬೇಕಾದ ಪದ ಬಾಯಿಗೆ ಬರುತ್ತಿರಲಿಲ್ಲ. ನಿದ್ದೆಯಿಲ್ಲ, ಹಸಿವಿಲ್ಲ, ಊರಿಗೆ ಫೋನ್ ಮಾಡಲೂ ಬೇಸರ. ಯಾರಿಗಾದರೂ ಗೊತ್ತಾಗುವ ಮೊದಲೇ ಕೆಲಸ ಬಿಟ್ಟು ಎಲ್ಲಾದರೂ ಅಡಗಿಕೊಳ್ಳುವುದೆಂದು ನಿರ್ಧರಿಸಿದ್ದೆ.

ಕೆಳಗಿನ ಮನೆಯಲ್ಲಿ ಧಾರವಾಡದ ಕಮಲಕ್ಕ ಇದ್ದರು. ಅವರ ಯಜಮಾನರಿಗೆ ಸಿಯಾಲ್ದಾದಲ್ಲಿ ರೈಲ್ವೆ ಕೆಲಸ. ಮರೆವು ಎಂದರೆ ಕಮಲಕ್ಕನದು! ಸಾಸಿವೆ ಡಬ್ಬಿ ಯಾವುದೆಂದು ಮರೆತು, ಬಂಗಾಳಿಗಳ ಐದು ಕಾಳಿನ ಪಾಂಚ್‌ಫೋರನ್ನನ್ನೇ ಸಾರಿಗೆ ಒಗ್ಗರಣೆ ಹಾಕಿಬಿಡುತ್ತಿದ್ದರು. ಸೋಂಪಿನ ವಾಸನೆ ಗಮ್ಮೆನ್ನುವ ಆ ಸಾರನ್ನು, "ಇದು ಕಲಕತ್ತಾ ಸಾರು, ಸುಮ್ಮನ ಉಣ್ಣು" ಎಂದು ಬಡಿಸುತ್ತಿದ್ದರು. ಒಮ್ಮೆ ಬಸ್ಸಿನಿಂದ ಇಳಿಯುವುದನ್ನೇ ಮರೆತು ಊರಿನ ತುದಿಯ ಜೋಕಾ ತಲುಪಿದ್ದರು. "ಭಾಳ ಛಲೋ ಗಾಳಿ ಇತ್ತು ತಮ್ಮಾ, ಪೇರಲ ಹಣ್ಣು ತಿಂದು ಬಂದೆ" ಎಂದರೇ ಹೊರತು ಮುಖದಲ್ಲಿ ಎಳ್ಳಷ್ಟೂ ಕಳವಳವಿರಲಿಲ್ಲ.

ಅವರ ಮನೆಯ ಭಾನುವಾರದ ಊಟಕ್ಕೂ ನಾನು ಹೋಗುವುದನ್ನು ನಿಲ್ಲಿಸಿದಾಗ ಅವರೇ ಮೆಟ್ಟಿಲು ಹತ್ತಿ ಬಂದರು.

"ಅಕ್ಕಾ, ನನ್ನ ತಲೆ ಹೋಯ್ತು. ಏನೂ ನೆನಪಿರಲ್ಲ" ಎಂದೆ.

"ನನ್ನ ತಲಿ ಹೋಗಿ ಯಾವ ಕಾಲ ಆತು, ನಾ ಆರಾಮ ಅದೀನಲ್ಲ?" ಎಂದು ನಗಲು ಹೊರಟವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನೀ ನಗೂದು ಮರತೀಯಲ್ಲೋ ತಮ್ಮಾ. ಅಂಗಿ ಹಾಕ್ಕೋ, ಡಾಕ್ಟರ ಕಡೆ ಹೋಗೂಣು."

ಮನೋವೈದ್ಯರು ವಯಸ್ಸಾದ ಬಂಗಾಳಿ. ಚಳಿ ಇನ್ನೂ ಬಂದಿರಲಿಲ್ಲ, ಅವರ ತಲೆಗೆ ಮಂಕಿ ಕ್ಯಾಪ್ ಮಾತ್ರ ಬಂದಾಗಿತ್ತು. ನದಿ, ಛತ್ರಿ, ಶಂಖ, ಟ್ರಾಮ್, ಬದನೆಕಾಯಿ ಎಂದು ಹಿಂದಿಯಲ್ಲಿ ಹೇಳಿ, ನೆನಪಿಟ್ಟುಕೋ ಎಂದರು. ಗಡಿಯಾರ ಬರೆಸಿದರು, ಅಂಕಿಗಳನ್ನು ಹಿಂದಕ್ಕೆ ಎಣಿಸಲು ಹೇಳಿದರು. ಆಮೇಲೆ, "ಈಗ ಆ ಪದಗಳನ್ನು ಹೇಳು ಬಾಬಾ." ಒಂದೊಂದಾಗಿ ಐದನ್ನೂ ಹೇಳಿದೆ.

ಅವರು ಹುಬ್ಬು ಗಂಟಿಕ್ಕಿದರು. "ಬದನೆಕಾಯಿ? ನಾನು ಬದನೆಕಾಯಿ ಅಂದಿದ್ದೆನೇ?"

"ಬೈಂಗನ್, ಬೈಂಗನ್! ಅದನ್ನೇ ಹೇಳಿದಿರಿ!" ಎಂದು ಕಮಲಕ್ಕ ತಮ್ಮ ಧಾರವಾಡದ ಹಿಂದಿಯಲ್ಲಿ ಕೂಗಿದರು. ಡಾಕ್ಟರು ಟೋಪಿ ಅಲುಗಾಡುವಂತೆ ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತಲೇ ಅಳು ಬಂದುಬಿಟ್ಟಿತು. ಅಷ್ಟು ದಿನ ಎಲ್ಲಿತ್ತೋ, ನಿಲ್ಲಲೇ ಇಲ್ಲ.

ಡಾಕ್ಟರು ಕಾದರು. ನಿನ್ನ ನೆನಪು ನನ್ನದಕ್ಕಿಂತ ಚೆನ್ನಾಗಿದೆ, ಸೋತಿರುವುದು ಮನಸ್ಸು ಎಂದರು. ಇದು ಖಿನ್ನತೆ, ಗಮನ ನಿಲ್ಲುವುದಿಲ್ಲ, ಸಣ್ಣ ಮರೆವೂ ದೊಡ್ಡದಾಗಿ ಕಾಣುತ್ತದೆ, ಇದಕ್ಕೆ ಔಷಧಿಯಿದೆ. ಕೆಲಸ ಬಿಡುವ ಮಾತನ್ನು ವಾಸಿಯಾದ ಮೇಲೆ ಆಡು ಎಂದರು. ಹೊರಡುವಾಗ ಕಮಲಕ್ಕ ಡಾಕ್ಟರ ಚಪ್ಪಲಿ ಮೆಟ್ಟಿಕೊಂಡು ಟ್ರಾಮ್ ನಿಲ್ದಾಣದವರೆಗೆ ಬಂದಿದ್ದರು.

ಒಂದು ನಗುವಿಗೆ ಕಾಯಿಲೆ ಓಡಿಹೋಗಲಿಲ್ಲ. ಮಾತ್ರೆ, ಮಾತು, ಕಲಕತ್ತಾ ಸಾರು ಎಂದು ತಿಂಗಳುಗಳೇ ಹಿಡಿದವು. ವಾಸಿಯಾದ ಮೇಲೆ ಕೆಲಸ ಬಿಡುವುದು ಮರೆತೇಹೋಯಿತು.

ಇವತ್ತು ತಣ್ಣನೆಯ ಬೀಗದ ಕೈ ಹಿಡಿದು ಕಮಲಕ್ಕನಿಗೆ ಫೋನ್ ಮಾಡಿದೆ. ಅವರೀಗ ಧಾರವಾಡದಲ್ಲಿದ್ದಾರೆ. ನಡೆದದ್ದನ್ನು ಹೇಳಿದೆ.

"ಕೀಲಿ ಫ್ರಿಜ್ಜಿನ್ಯಾಗ ಇಟ್ಟಿ ಅಂದ್ರ ಮೊಸರು ಎಲ್ಲಿಟ್ಟಿ ನೋಡಪಾ ಮೊದಲ" ಎಂದರು.

ನೋಡಿದೆ. ಬಾಗಿಲ ಪಕ್ಕ, ಬೀಗದ ಕೈ ಇಡುವ ಜಾಗದಲ್ಲಿ, ಮೊಸರಿನ ಬಟ್ಟಲು ಕೂತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಕಡೆ ಕಮಲಕ್ಕನಿಗೂ ಅದು ಕೇಳಿಸಿತು.

"ನಗಾಕ ಹತ್ತೀಯಲ್ಲ? ಹಂಗಾರ ಆರಾಮ ಅದಿ, ಬಿಡು."